ಮಣಿಕಟ್ಟು ನೋವಿಗೆ ಬೆಲ್ಟ್ ಕಟ್ಟಿಕೊಂಡು ಟೈಪ್ ಮಾಡಬಹುದೇ?

ಪ್ರಶ್ನೆ: ನನ್ನದು ಅಕೌಂಟ್ಸ್ ಕೆಲಸ. ವಾರದಲ್ಲಿ ಮೂರು ದಿನ ಮನೆಯಿಂದಲೇ ಲ್ಯಾಪ್‌ಟಾಪ್‌ನಲ್ಲಿ ಮಾಡುತ್ತೇನೆ. ಸಂಜೆ ಹೊತ್ತಿಗೆ ಬಲಗೈ ಮಣಿಕಟ್ಟು ನೋಯುತ್ತದೆ. ಮೆಡಿಕಲ್ ಶಾಪ್‌ನಲ್ಲಿ ಸಿಗುವ ಬೆಲ್ಟ್ ಕಟ್ಟಿಕೊಂಡು ಟೈಪ್ ಮಾಡಿದರೆ ಸರಿಹೋಗುತ್ತದೆಯೇ?

ಉತ್ತರ: ಟೈಪ್ ಮಾಡುವಾಗ ಬೆಲ್ಟ್ ಬೇಡ. ಒಳಗೆ ಗಟ್ಟಿ ಪಟ್ಟಿ ಇರುವ ಬೆಲ್ಟ್ ಮಣಿಕಟ್ಟನ್ನು ಅಲುಗಾಡಲು ಬಿಡುವುದಿಲ್ಲ. ಆಗ ಕೀಲಿ ಮುಟ್ಟಲು ಬೆರಳು, ಮೊಣಕೈ, ಭುಜ ಎಲ್ಲ ಜಾಸ್ತಿ ಎಳೆದಾಡಬೇಕು. ನೋವು ಅಲ್ಲಿಗೆ ಹೋಗುತ್ತದೆ, ಅಷ್ಟೇ. ರಾತ್ರಿ ಬೆರಳು ಜೋಮು ಹಿಡಿದು ಎಚ್ಚರವಾಗುವವರಿಗೆ ಮಾತ್ರ ಮಲಗುವಾಗ ಅದು ಉಪಯೋಗಕ್ಕೆ ಬರುತ್ತದೆ.

ಮೊದಲು ನಿಮ್ಮ ಟೇಬಲ್ ನೋಡಿ. ಊಟದ ಟೇಬಲ್ ತಾನೇ? ಅದು ಸುಮಾರು 30 ಇಂಚು ಎತ್ತರ ಇರುತ್ತದೆ. ನಮ್ಮಲ್ಲಿ ಬಹಳ ಜನರಿಗೆ, ಅದರಲ್ಲೂ ಹೆಂಗಸರಿಗೆ, ಟೈಪ್ ಮಾಡಲು ಇದು ಜಾಸ್ತಿಯೇ. ಮೊಣಕೈ ಕೆಳಗೆ, ಕೀಬೋರ್ಡ್ ಮೇಲೆ. ನಡುವೆ ಮಣಿಕಟ್ಟು ಹಿಂದಕ್ಕೆ ಬಾಗಿಯೇ ಇರುತ್ತದೆ. ಮಣಿಕಟ್ಟಿನ ಒಳಗೊಂದು ಇಕ್ಕಟ್ಟಾದ ದಾರಿಯಿದೆ, ಅದೇ ಕಾರ್ಪಲ್ ಟನಲ್. ಬೆರಳು ಮಡಿಸುವ 9 ಟೆಂಡನ್‌ಗಳು (ಸ್ನಾಯುವನ್ನು ಮೂಳೆಗೆ ಜೋಡಿಸುವ ಹುರಿಗಳು) ಮತ್ತು ಒಂದು ನರ ಅದರೊಳಗೇ ಹೋಗಬೇಕು. ಕೈ ಬಾಗಿದಷ್ಟೂ ಅಲ್ಲಿ ಒತ್ತಡ ಏರುತ್ತದೆ.

ಹಾಗಾಗಿ ಕುರ್ಚಿಗೆ ದಿಂಬು ಹಾಕಿ ಎತ್ತರಿಸಿ. ಕಾಲು ನೆಲಕ್ಕೆ ಎಟುಕದಿದ್ದರೆ ಕೆಳಗೊಂದು ಮಣೆ ಇಡಿ. ಮೊಣಕೈ ಕೀಬೋರ್ಡಿನ ಮಟ್ಟಕ್ಕೆ ಬಂದರೆ ಸಾಕು. ಬೇರೆ ಕೀಬೋರ್ಡ್ ಇದ್ದರೆ ಅದರ ಹಿಂದಿನ ಪುಟ್ಟ ಕಾಲುಗಳನ್ನು ಮಡಚಿಬಿಡಿ. ಅವನ್ನು ಯಾಕೆ ಕೊಡುತ್ತಾರೋ! ಮಣಿಕಟ್ಟನ್ನು ಇನ್ನಷ್ಟು ಬಗ್ಗಿಸುವುದೇ ಅವುಗಳ ಕೆಲಸ. ಮೌಸ್ ಕೀಬೋರ್ಡಿಗೆ ತಾಗಿಕೊಂಡೇ ಇರಲಿ.

ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡುವವರಿಗೆ ಇನ್ನೊಂದು ಮಾತು. ಮಹಾಪ್ರಾಣ, ದೀರ್ಘ, ಳ, ಣ ಎಲ್ಲಕ್ಕೂ ಶಿಫ್ಟ್ ಬೇಕಲ್ವಾ? ಒಂದೇ ಕೈಯಲ್ಲಿ ಶಿಫ್ಟನ್ನೂ ಅಕ್ಷರವನ್ನೂ ಒತ್ತಿದರೆ ಕಿರುಬೆರಳು ಎಳೆದು ಮಣಿಕಟ್ಟು ಪಕ್ಕಕ್ಕೆ ತಿರುಚುತ್ತದೆ. ಅಕ್ಷರ ಎಡಗೈದಾದರೆ ಶಿಫ್ಟ್ ಬಲಗೈಯಲ್ಲಿರಲಿ. ಉದ್ದದ ಕರಡನ್ನು ಮೊಬೈಲ್‌ಗೆ ಬಾಯಲ್ಲಿ ಹೇಳಿ ಬರೆಸಿ, ಆಮೇಲೆ ತಿದ್ದಿಕೊಂಡರೂ ಆಯಿತು.

ಈಗಿರುವ ನೋವಿಗೆ ಕೆಲವು ದಿನ ಕೆಲಸ ಕಡಿಮೆ ಮಾಡುವುದೇ ಔಷಧಿ. ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು ನಿಮಿಷ ಇಟ್ಟರೆ ಹಿತ ಅನಿಸಬಹುದು. ಅರ್ಧ ಗಂಟೆಗೊಮ್ಮೆ ಕೈ ಇಳಿಬಿಟ್ಟು ಸುಮ್ನೆ ಕುಳಿತುಕೊಳ್ಳಿ; ಆ ಬಿಡುವಿನಲ್ಲಿ ಮೊಬೈಲ್ ತೆಗೆದರೆ ಅದು ಬಿಡುವಲ್ಲ. ಹೆಬ್ಬೆರಳಿನ ಬುಡದಲ್ಲೇ ನೋವಿದ್ದರೆ ಮೊಬೈಲ್ ಮೇಲೆಯೇ ಮೊದಲ ಅನುಮಾನ.

ಟೈಪ್ ಮಾಡುವವರ ನೋವೆಲ್ಲ ಕಾರ್ಪಲ್ ಟನಲ್ ತೊಂದರೆ, ಅಂದರೆ ಆ ದಾರಿಯಲ್ಲಿ ನರ ಅದುಮಿ ಬರುವ ತೊಂದರೆ, ಅಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು, ಕೈ ಕೊಡವಿದರೆ ಸರಿಹೋದಂತಾದರೆ ಅದಿರಬಹುದು. ಲೋಟ ಕೈಜಾರುತ್ತಿದ್ದರೆ, ಹೆಬ್ಬೆರಳಿನ ಬುಡದ ಮಾಂಸ ಕರಗಿದಂತೆ ಕಂಡರೆ ಕಾಯಬೇಡಿ, ಡಾಕ್ಟರ್‌ಗೆ ತೋರಿಸಿ. ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆ, ಬಸಿರು ಇವುಗಳಿಂದಲೂ ಹೀಗಾಗುತ್ತದೆ, ಆದ್ದರಿಂದ ರಕ್ತ ಪರೀಕ್ಷೆ ಬರೆದುಕೊಟ್ಟರೆ ಗಾಬರಿಯಾಗಬೇಡಿ. ಜೋಮು ಕಿರುಬೆರಳಿಗೆ ಬರುತ್ತಿದ್ದರೆ ಮಾತ್ರ ಅದು ಬೇರೆ ನರ. ಅದು ಮೊಣಕೈ ಹಿಂದಿನಿಂದ ಹಾದುಬರುತ್ತದೆ. ಟೇಬಲ್ ಅಂಚಿಗೆ ಮೊಣಕೈ ಊರಿ ಕೂರುವ ಅಭ್ಯಾಸ ಇದೆಯೇ ನೋಡಿಕೊಳ್ಳಿ.