ಎರಡನೇ ಸಲ ಎಳೆಯಲು ಬಾರದ ಸಿರಿಂಜು

ತುಮಕೂರಿನ ಇಂಜಿನಿಯರಿಂಗ್ ಕಾಲೇಜುಗಳ ಅಂತಿಮ ವರ್ಷದ ವಿದ್ಯಾರ್ಥಿಗಳು ಪ್ರಾಜೆಕ್ಟಿನ ನೆಪದಲ್ಲಿ ವಸಂತನರಸಾಪುರದ ನಮ್ಮ ಪ್ಲಾಸ್ಟಿಕ್ ಅಚ್ಚಿನ ಕಾರ್ಯಾಗಾರಕ್ಕೆ ಬರುವುದುಂಟು. ಒಮ್ಮೆ ಬಳಸಿದ ಮೇಲೆ ತಾನಾಗಿಯೇ ಕೆಟ್ಟುಹೋಗುವ ಸಿರಿಂಜು ಅವರಿಗೆ ಬಹು ಪ್ರಿಯವಾದ ವಿಷಯ. ಬಣ್ಣ ಬದಲಿಸುವ ಕೊಳವೆ, ಸದ್ದು ಮಾಡುವ ಚಿಪ್, ಮೊಬೈಲಿಗೆ ಸಂದೇಶ ಕಳಿಸುವ ಪ್ಲಂಜರ್ (ಕೊಳವೆಯೊಳಗೆ ಎಳೆದು ಒತ್ತುವ ಕಡ್ಡಿ) ಎಂದು ಅವರ ಕಲ್ಪನೆಗೆ ಬರವಿಲ್ಲ. ನಾನು ಕೇಳುವುದು ಒಂದೇ ಪ್ರಶ್ನೆ: ಪ್ಲಂಜರನ್ನು ಹಿಂದಕ್ಕೆ ಎಳೆಯುತ್ತಿರುವ ಕೈ ಮೊದಲನೇ ಸಲ ಎಳೆಯುತ್ತಿದೆಯೋ ಎರಡನೇ ಸಲವೋ ಎಂಬುದು ನಿಮ್ಮ ಸಿರಿಂಜಿಗೆ ಗೊತ್ತಾಗುವುದು ಹೇಗೆ? ಸರಿಯಾದ ಬಳಕೆಗೂ ಮರುಬಳಕೆಗೂ ಬೇಕಾದ ಚಲನೆ ಒಂದೇ ಆಗಿರುವುದರಿಂದ, ಈ ವಿನ್ಯಾಸದ ಕಷ್ಟವೆಲ್ಲ ಆ ಪ್ರಶ್ನೆಯೊಳಗೇ ಇದೆ.

ಈ ಕಷ್ಟವನ್ನು ಮೈಮೇಲೆ ಎಳೆದುಕೊಳ್ಳಲು ಬಲವಾದ ಕಾರಣವಿದೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,600 ಕೋಟಿ ಇಂಜೆಕ್ಷನ್ ಕೊಡಲಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿತ್ತು. ಅಸುರಕ್ಷಿತ ಇಂಜೆಕ್ಷನ್‌ಗಳಿಂದ 2010ರ ಒಂದೇ ವರ್ಷದಲ್ಲಿ 17 ಲಕ್ಷದವರೆಗೆ ಹೆಪಟೈಟಿಸ್ ಬಿ, 3,15,000ದವರೆಗೆ ಹೆಪಟೈಟಿಸ್ ಸಿ ಮತ್ತು 33,800ರವರೆಗೆ ಎಚ್‌ಐವಿ ಸೋಂಕುಗಳು ತಗುಲಿರಬಹುದೆಂಬುದು ಅದೇ ಸಂಸ್ಥೆ ಮುಂದಿಟ್ಟ ಅಂದಾಜು. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಹೆಪಟೈಟಿಸ್ ಬಿ ಹರಡಿ ಹಲವರು ಸತ್ತಾಗ ಸಿರಿಂಜುಗಳ ಮರುಬಳಕೆಯೇ ಅದರ ಹಿಂದಿದ್ದುದು ಹೊರಬಂತು. ಹೆಪಟೈಟಿಸ್ ಬಿ ವೈರಸ್ಸು ದೇಹದ ಹೊರಗೂ ಏಳು ದಿನ ಬದುಕಬಲ್ಲದು. ಬಿಸಿನೀರಿನಲ್ಲಿ ಒಮ್ಮೆ ಅದ್ದಿ ತೆಗೆದರೆ ಅದು ಹೋಗುವುದಿಲ್ಲ.

ಬ್ರಿಟನ್ನಿನ ಮಾರ್ಕ್ ಕೋಸ್ಕಾ 1984ರಲ್ಲಿ ಇಂಥದೇ ಅಪಾಯದ ಬಗೆಗಿನ ಪತ್ರಿಕಾ ಲೇಖನವೊಂದನ್ನು ಓದಿ ಈ ಕೆಲಸಕ್ಕೆ ಇಳಿದರು. ಅವರ ‘ಕೆ1’ ಸಿರಿಂಜಿನಲ್ಲಿ ನನಗೆ ಮೆಚ್ಚುಗೆಯಾಗುವುದು ಅದರ ಬೀಗಕ್ಕಿಂತ ಹೆಚ್ಚಾಗಿ ಅದನ್ನು ತಯಾರಿಸುವ ಬಗೆ. ಸಾಮಾನ್ಯ ಸಿರಿಂಜು ತಯಾರಿಸುವ ಕಾರ್ಖಾನೆ ಇದ್ದ ಯಂತ್ರಗಳನ್ನೇ ಇಟ್ಟುಕೊಂಡು, ಸಣ್ಣ ಬದಲಾವಣೆ ಮಾಡಿಕೊಂಡರೆ ಅದನ್ನೂ ತಯಾರಿಸಬಹುದು. ಕೊಳವೆಯ ತಳಭಾಗದ ಒಳಗೋಡೆಯಲ್ಲಿ ಒಂದು ತೆಳು ಉಂಗುರದಂಥ ಏಣು ಇರುತ್ತದೆ. ಔಷಧವನ್ನು ಪೂರ್ತಿ ಒತ್ತಿದಾಗ ಪ್ಲಂಜರ್ ಆ ಏಣನ್ನು ದಾಟಿ ಸಿಕ್ಕಿಕೊಳ್ಳುತ್ತದೆ. ಬಲವಾಗಿ ಹಿಂದಕ್ಕೆ ಎಳೆದರೆ ಬೇಕೆಂದೇ ತೆಳ್ಳಗೆ ಬಿಟ್ಟ ಜಾಗದಲ್ಲಿ ಮುರಿಯುತ್ತದೆ.

ಆ ಏಣನ್ನು ಅಚ್ಚಿನಲ್ಲಿ ಮೂಡಿಸುವ ಕೆಲಸವನ್ನು ಸ್ವಲ್ಪ ವಿವರಿಸಬೇಕು. ಕೊಳವೆಯ ಒಳಗಿನ ಟೊಳ್ಳನ್ನು ರೂಪಿಸುವುದು ಕೋರ್ ಪಿನ್ ಎಂಬ ಉಕ್ಕಿನ ಕಡ್ಡಿ. ಏಣು ಬೇಕಾದರೆ ಈ ಕಡ್ಡಿಯ ಮೇಲೆ ಸುತ್ತಲೂ ಒಂದು ಸಣ್ಣ ತೋಡು ಕೊರೆಯಬೇಕು. ಕರಗಿದ ಪಾಲಿಪ್ರೊಪಿಲೀನ್ ಅದರೊಳಗೆ ತುಂಬಿ ಏಣಾಗುತ್ತದೆ. ಆದರೆ ಪ್ಲಾಸ್ಟಿಕ್ಕು ಅಲ್ಲೇ ಕಚ್ಚಿ ಕೂತಿರುವುದರಿಂದ, ಅದು ಪೂರ್ತಿ ಗಟ್ಟಿಯಾಗುವ ಮೊದಲೇ, ಇನ್ನೂ ಸ್ವಲ್ಪ ಹಿಗ್ಗುವ ಬಿಸಿಯಲ್ಲಿರುವಾಗಲೇ ಕಡ್ಡಿಯಿಂದ ಕಳಚಿಕೊಳ್ಳಬೇಕು. ಏಣು ಎತ್ತರವಾದರೆ ಕಳಚುವಾಗ ಕೆತ್ತಿಹೋಗುತ್ತದೆ, ತಗ್ಗಾದರೆ ಪ್ಲಂಜರನ್ನು ಹಿಡಿಯುವುದಿಲ್ಲ. ಪಾಲಿಪ್ರೊಪಿಲೀನ್ ತಣಿಯುವಾಗ ಸಾಮಾನ್ಯವಾಗಿ ಶೇ. 1ರಿಂದ 2.5ರಷ್ಟು ಕುಗ್ಗುತ್ತದೆಂಬುದನ್ನು ನೆನೆದರೆ, ಮಿಲಿಮೀಟರಿನ ನೂರನೇ ಭಾಗಗಳಲ್ಲಿ ನಡೆಯುವ ಈ ಲೆಕ್ಕ ಎಷ್ಟು ಬಿಗಿಯೆಂಬುದು ತಿಳಿಯುತ್ತದೆ. ಒಂದೇ ಅಚ್ಚಿನಲ್ಲಿ ಹಲವಾರು ಕೊಳವೆಗಳು ಒಟ್ಟಿಗೆ ಬರುತ್ತವೆ. ಅವುಗಳಲ್ಲಿ ಒಂದು ಕೋರ್ ಪಿನ್ ಸವೆದಿದ್ದರೂ ಆ ಸ್ಥಾನದಿಂದ ಹೊರಬರುವ ಪ್ರತಿಯೊಂದು ಸಿರಿಂಜಿಗೂ ಬೀಗವಿರುವುದಿಲ್ಲ, ಉಳಿದವೆಲ್ಲ ಸರಿಯಾಗಿಯೇ ಇರುತ್ತವೆ. ರಾಶಿಯಿಂದ ಕೈಗೆ ಸಿಕ್ಕ ಕೆಲವನ್ನು ಎತ್ತಿ ಪರೀಕ್ಷಿಸಿದರೆ ಈ ದೋಷ ತಪ್ಪಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಅಚ್ಚಿನ ಪ್ರತಿ ಸ್ಥಾನದಿಂದಲೂ ಬೇರೆಬೇರೆಯಾಗಿ ಮಾದರಿ ತೆಗೆಯಬೇಕು ಎಂದು ನಾನು ಪಟ್ಟು ಹಿಡಿಯುವುದು ಇದಕ್ಕಾಗಿಯೇ.

ಕೊನೆಯಲ್ಲಿ ಬೀಗ ಬೀಳುವ ರಚನೆಗೆ ಇನ್ನೊಂದು ದೌರ್ಬಲ್ಯವಿದೆ. ಕಡೆಯ ಮಿಲಿಮೀಟರನ್ನು ಒತ್ತದೆ ಬಿಟ್ಟರೆ ಬೀಗ ಬೀಳುವುದೇ ಇಲ್ಲ. ಮರುಬಳಕೆ ಮಾಡಲೇಬೇಕೆಂದಿರುವವನಿಗೆ ಈ ಉಪಾಯ ಕಲಿಯಲು ಹೆಚ್ಚು ಹೊತ್ತು ಬೇಡ. ಆದ್ದರಿಂದ ಒತ್ತಲು ಶುರು ಮಾಡಿದ ಕ್ಷಣದಿಂದಲೇ ಹಿಂದಿರುಗುವ ದಾರಿ ಮುಚ್ಚುವ ರಚನೆ ಹೆಚ್ಚು ವಿಶ್ವಾಸಾರ್ಹ ಎಂಬುದು ನನ್ನ ಅಭಿಪ್ರಾಯ. ಅಮೆರಿಕದ ‘ಪಾಥ್’ ಸಂಸ್ಥೆ ಅಭಿವೃದ್ಧಿಪಡಿಸಿದ ‘ಸೋಲೋಶಾಟ್’ ಈ ಬಗೆಯದು. ಕೊಳವೆಯ ಗೋಡೆಗೂ ಪ್ಲಂಜರಿನ ಕಡ್ಡಿಗೂ ನಡುವೆ ಒಂದು ಪುಟ್ಟ ಲೋಹದ ಕ್ಲಿಪ್ಪು ಕೂತಿರುತ್ತದೆ. ಮೊದಲ ಸಲ ಎಳೆದಾಗ ಕಡ್ಡಿ ಕ್ಲಿಪ್ಪಿನೊಳಗಿಂದ ಹಿಂದಕ್ಕೆ ಜಾರುತ್ತದೆ. ಒತ್ತಿದಾಗ ಕ್ಲಿಪ್ಪೂ ಅದರೊಂದಿಗೆ ಮುಂದಕ್ಕೆ ಸಾಗುತ್ತದೆ, ಆದರೆ ಕೇಬಲ್ ಟೈ ಹೇಗೆ ಒಂದೇ ದಿಕ್ಕಿಗೆ ಸರಿಯುತ್ತದೋ ಹಾಗೆ, ಅದರ ಮೊನೆಗಳು ಗೋಡೆಗೆ ಕಚ್ಚಿಕೊಂಡು ಮತ್ತೆ ಹಿಂದೆ ಬರುವುದಿಲ್ಲ. ಕಡ್ಡಿ ಹಿಂದಕ್ಕೆ ಸರಿಯಬಹುದಾದ ಒಟ್ಟು ದೂರ ಒಂದು ಡೋಸಿನಷ್ಟು ಮಾತ್ರ, ಅದು ಮೊದಲ ಎಳೆತದಲ್ಲೇ ಖರ್ಚಾಗಿರುತ್ತದೆ. ಲಸಿಕೆಗೆ ಬಳಸುವ ಸ್ವಯಂ-ನಿಷ್ಕ್ರಿಯ ಸಿರಿಂಜುಗಳು 0.5 ಮಿಲಿಲೀಟರ್, ಕ್ಷಯ ತಡೆಯುವ ಬಿಸಿಜಿ ಲಸಿಕೆಗಾದರೆ 0.1 ಮಿಲಿಲೀಟರ್ ಎಂದು ನಿಗದಿತ ಅಳತೆಯಲ್ಲೇ ಬರುವುದು ಏಕೆಂದು ಇದರಿಂದ ತಿಳಿಯುತ್ತದೆ.

ಇಷ್ಟು ಬಿಗಿಯಾದ ಬೀಗ ಮೊದಲ ಬಳಕೆಯನ್ನೂ ಕಾಡುತ್ತದೆ. ಶಿರಾ ತಾಲ್ಲೂಕಿನ ಅಂಗನವಾಡಿಯೊಂದರಲ್ಲಿ ಲಸಿಕೆ ಹಾಕುವುದನ್ನು ನೋಡುತ್ತ ಕೂತಿದ್ದಾಗ ಅಲ್ಲಿನ ಸಿಸ್ಟರ್ ನನಗೆ ಹೇಳಿದರು: “ಬೇರೆ ಸಿರಿಂಜ್‌ಗೆ ಗಾಳಿ ಎಳ್ಕೊಂಡು ವಾಯಲ್ ಒಳಕ್ಕೆ ಬಿಟ್ಟು ಆಮೇಲೆ ಔಷಧಿ ತಗೀತೀವಲ್ಲ ಸಾರ್, ಇದಕ್ಕೆ ಹಂಗ್ ಮಾಡಿದ್ರೆ ಮುಗೀತು, ಲಾಕ್ ಆಗೋಗುತ್ತೆ.” ತರಬೇತಿಯಲ್ಲಿ ಹೇಳಿಕೊಡುವುದೂ ಇದನ್ನೇ, ಸಿರಿಂಜಿನ ಪಾಲಿಗೆ ಗಾಳಿಯೂ ಒಂದು ಡೋಸೇ. ಅವರು ವಾಯಲನ್ನು, ಅಂದರೆ ಔಷಧದ ಪುಟ್ಟ ಸೀಸೆಯನ್ನು, ತಲೆಕೆಳಗಾಗಿ ಹಿಡಿದು, ಸೂಜಿಯ ತುದಿ ಕೊನೆಯವರೆಗೂ ದ್ರವದೊಳಗೇ ಇರುವಂತೆ ನೋಡಿಕೊಂಡು, ಒಂದೇ ಎಳೆತದಲ್ಲಿ ನಿಧಾನವಾಗಿ ತುಂಬಿಕೊಳ್ಳುತ್ತಿದ್ದರು. ತುದಿ ದ್ರವದಿಂದ ಮೇಲೆದ್ದು ಗುಳ್ಳೆ ಹೊಕ್ಕರೆ ಅದನ್ನು ಹೊರಗೊತ್ತಿ ಮತ್ತೆ ಅಷ್ಟು ಲಸಿಕೆ ತುಂಬಿಕೊಳ್ಳಲು ಆಗುವುದಿಲ್ಲ. ಈ ಕೈಚಳಕವನ್ನು ನಕ್ಷೆಯಲ್ಲಿ ಬರೆಯಲು ಬಾರದು, ಆದರೆ ನಕ್ಷೆ ಬರೆಯುವವರು ಇದನ್ನು ಒಮ್ಮೆಯಾದರೂ ಕಣ್ಣಾರೆ ನೋಡಿರಬೇಕು.

ಲಸಿಕೆಯ ಮಟ್ಟಿಗೆ ಸಮಸ್ಯೆ ಬಹುಪಾಲು ಬಗೆಹರಿದಿದೆ. 2003ರ ಅಂತ್ಯದೊಳಗೆ ಎಲ್ಲ ದೇಶಗಳೂ ಲಸಿಕೆಗೆ ಇಂಥ ಸಿರಿಂಜುಗಳನ್ನೇ ಬಳಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮೊದಲಾದ ಸಂಸ್ಥೆಗಳು 1999ರಲ್ಲಿ ಜಂಟಿ ಹೇಳಿಕೆ ಹೊರಡಿಸಿದ್ದವು; ನಮ್ಮ ಸರ್ಕಾರಿ ಲಸಿಕಾ ಕಾರ್ಯಕ್ರಮದಲ್ಲಿಯೂ ಅವು ಬಳಕೆಗೆ ಬಂದು ವರ್ಷಗಳಾದವು. ಆದರೆ ಒಟ್ಟು ಇಂಜೆಕ್ಷನ್‌ಗಳಲ್ಲಿ ಲಸಿಕೆಯ ಪಾಲು ಶೇ. 5ರಷ್ಟು ಮಾತ್ರ. ಶೇ. 90ರಷ್ಟು ಇಂಜೆಕ್ಷನ್‌ಗಳು ಜ್ವರಕ್ಕೆ, ನೋವಿಗೆ, ಸುಸ್ತಿಗೆ ಎಂದು ಚಿಕಿತ್ಸೆಯ ಹೆಸರಿನಲ್ಲಿ ಬೀಳುವಂಥವು. ಮಾತ್ರೆ ಬರೆದುಕೊಟ್ಟರೆ “ಒಂದು ಸೂಜಿ ಹಾಕ್ಬಿಡಿ ಡಾಕ್ಟ್ರೇ” ಎಂದು ರೋಗಿಯೇ ಕೇಳಿ ಹಾಕಿಸಿಕೊಳ್ಳುವಂಥವೂ ಇದರಲ್ಲಿವೆ.

ಚಿಕಿತ್ಸೆಯ ಸಿರಿಂಜಿಗೆ ನಿಗದಿತ ಡೋಸು ಒಗ್ಗುವುದಿಲ್ಲ. ಪುಡಿ ಔಷಧವನ್ನು ನೀರಿನಲ್ಲಿ ಕಲಸಬೇಕು, ಎರಡು ಬಾರಿ ಎಳೆಯಬೇಕು, ಸೂಜಿ ರಕ್ತನಾಳದಲ್ಲಿದೆಯೇ ಎಂದು ತಿಳಿಯಲು ಪ್ಲಂಜರನ್ನು ತುಸು ಹಿಂದೆ ಸರಿಸಿ ನೋಡಬೇಕು. ಈ ಎಲ್ಲಕ್ಕೂ ಆಸ್ಪದ ಕೊಟ್ಟು, ಅನಂತರ ಮಾತ್ರ ಬಾಗಿಲು ಮುಚ್ಚಬೇಕು. ಐಎಸ್‌ಒ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಮಾನದಂಡಗಳಲ್ಲಿ ಲಸಿಕೆಯ ಸಿರಿಂಜಿಗೆ 7886-3, ಮರುಬಳಕೆ ತಡೆಯುವ ಇತರ ಸಿರಿಂಜುಗಳಿಗೆ 7886-4 ಎಂದು ಬೇರೆಬೇರೆ ಭಾಗಗಳಿರುವುದು ಈ ಕಾರಣಕ್ಕೆ. ಎರಡನೆಯದರಲ್ಲಿ ತಾನಾಗಿಯೇ ಬೀಗ ಬೀಳುವ ಬಗೆಯೂ ಇದೆ, ಬಳಸಿದವರು ಮನಸ್ಸು ಮಾಡಿ ಪ್ಲಂಜರನ್ನು ಮುರಿಯಬೇಕಾದ ಬಗೆಯೂ ಇದೆ. ಮನಸ್ಸು ಮಾಡುವವರು ಹೇಗೂ ಮರುಬಳಕೆ ಮಾಡುವುದಿಲ್ಲವಾದ್ದರಿಂದ, ಈ ಕೊನೆಯ ಬಗೆಯ ಮೇಲೆ ನನಗೆ ಅಷ್ಟು ಭರವಸೆಯಿಲ್ಲ.

ಸೂಜಿ ಬಿಚ್ಚಿ ಬೇರೆ ಹಾಕಬಹುದಾದ ಸಿರಿಂಜು ಮತ್ತೊಂದು ತಪ್ಪು ನಂಬಿಕೆಗೂ ಆಸರೆಯಾಗಿದೆ. ಸೂಜಿ ಹೊಸದಾದರೆ ಸಾಕು, ಸಿರಿಂಜು ಹಳೆಯದಿದ್ದರೂ ಪರವಾಗಿಲ್ಲ ಎಂದು ನಂಬಿದವರು ಓದಿದವರಲ್ಲೂ ಇದ್ದಾರೆ. ಸೂಜಿ ಬಿಚ್ಚುವಾಗಿನ ಎಳೆತಕ್ಕೆ ಅದರೊಳಗೆ ಉಳಿದಿರುವ ಒಂದಿಷ್ಟು ದ್ರವ ರಕ್ತದ ಅಂಶದೊಂದಿಗೆ ಸಿರಿಂಜಿನ ಮೂತಿಗೆ ಹಿಂದಿರುಗಬಲ್ಲದು, ಅದು ಕಣ್ಣಿಗೆ ಕಾಣಬೇಕೆಂದೇನೂ ಇಲ್ಲ. ಅದೇ ಸಿರಿಂಜು ಹಲವು ಡೋಸುಗಳ ವಾಯಲಿಗೆ ಮತ್ತೆ ಇಳಿದರೆ ಮುಂದೆ ಅದರಿಂದ ತೆಗೆಯುವ ಪ್ರತಿ ಡೋಸೂ ಸಂದೇಹಕ್ಕೆ ಒಳಗಾಗುತ್ತದೆ, ಆಗ ಆ ಡೋಸು ತೆಗೆಯಲು ಬಳಸುವ ಸಿರಿಂಜಿನ ಬೀಗ ಎಷ್ಟು ಚೆನ್ನಾಗಿದ್ದರೂ ಉಪಯೋಗವಿಲ್ಲ.

ಸಣ್ಣ ಕ್ಲಿನಿಕ್ ನಡೆಸುವ ವೈದ್ಯರು ಹೊಸ ಬ್ಯಾಚು ಬಂದಾಗ ಒಂದೆರಡು ಸಿರಿಂಜುಗಳನ್ನು ತ್ಯಾಗ ಮಾಡಿ ತಾವೇ ನೋಡಬಹುದು. ನೀರು ತುಂಬಿಸಿ, ಅರ್ಧ ಮಾತ್ರ ಒತ್ತಿ, ಹಿಂದಕ್ಕೆ ಎಳೆಯಿರಿ. ಇನ್ನೊಂದನ್ನು ತಳದಲ್ಲಿ ಒಂದು ಹನಿ ಉಳಿಯುವಂತೆ ಒತ್ತಿ ಎಳೆಯಿರಿ. ಎರಡೂ ಸಲೀಸಾಗಿ ಹಿಂದೆ ಬಂದರೆ ಅದರ ಬೀಗ ಬೀಳುವುದು ಪೂರ್ತಿ ಒತ್ತಿದಾಗ ಮಾತ್ರ, ಇಲ್ಲವೇ ಬೀಳುವುದೇ ಇಲ್ಲ; ಔಷಧ ಕಲಸಬೇಕಿಲ್ಲದ, ಒಂದೇ ಎಳೆತ ಸಾಕಾಗುವ ಇಂಜೆಕ್ಷನ್‌ಗಳಿಗೆ ಮುಂದಿನ ಆರ್ಡರಿನಲ್ಲಿ ಒತ್ತಲು ಆರಂಭಿಸಿದೊಡನೆ ನಿಷ್ಕ್ರಿಯಗೊಳ್ಳುವ ಬಗೆಯನ್ನೇ ಕೇಳಿ. ಪರೀಕ್ಷೆಗೆ ಬಳಸಿದವುಗಳ ಸೂಜಿಯನ್ನು ಹಬ್ ಕಟರ್‌ನಲ್ಲಿ (ಸೂಜಿಯನ್ನು ಬುಡದಲ್ಲೇ ಕತ್ತರಿಸುವ ಸಾಧನ) ಕತ್ತರಿಸಿ ಬಿಳಿ ಡಬ್ಬಿಗೂ ಕೊಳವೆಯನ್ನು ಕೆಂಪು ಚೀಲಕ್ಕೂ ಹಾಕಿ.