ಹಂದಿಮಾಂಸದ ಗುಣಮಟ್ಟ: ಸ್ನಾಯುಕಿಣ್ವಗಳ ಜೀನ್ ಅಭಿವ್ಯಕ್ತಿಯನ್ನು ಓದುವ ಬಗೆ

ಹಂದಿಯನ್ನು ವಧಿಸಿದ ಮೇಲೂ ಅದರ ಸ್ನಾಯುವಿನ ಕಿಣ್ವಗಳು ಕೆಲವು ಗಂಟೆಗಳ ಕಾಲ ಕೆಲಸ ಮಾಡುತ್ತಲೇ ಇರುತ್ತವೆ. ಆಮ್ಲಜನಕ ದೊರೆಯದ ಸ್ಥಿತಿಯಲ್ಲಿ ಗ್ಲೈಕೊಜನ್ (ಸ್ನಾಯುವಿನಲ್ಲಿ ಸಂಗ್ರಹವಾಗಿರುವ ಸಕ್ಕರೆಯ ರೂಪ) ಒಡೆದು ಲ್ಯಾಕ್ಟಿಕ್ ಆಮ್ಲವಾಗುತ್ತದೆ; ಅದನ್ನು ಸಾಗಿಸಲು ರಕ್ತಸಂಚಾರ ಇಲ್ಲದಿರುವುದರಿಂದ, 7ರ ಆಸುಪಾಸಿನಲ್ಲಿದ್ದ ಪಿಎಚ್ (ಆಮ್ಲೀಯತೆಯ ಅಳತೆ; ಇಳಿದಷ್ಟೂ ಆಮ್ಲ ಹೆಚ್ಚು) ಒಂದು ದಿನದೊಳಗೆ ಸುಮಾರು 5.6ಕ್ಕೆ ಇಳಿಯುತ್ತದೆ. ಎಷ್ಟು ಬೇಗ ಇಳಿಯಿತು ಎಂಬುದನ್ನೂ ಎಲ್ಲಿಗೆ ಬಂದು ನಿಂತಿತು ಎಂಬುದನ್ನೂ ಬೇರೆಬೇರೆಯಾಗಿ ನೋಡಬೇಕು.

ವೇಗದ ವಿಷಯದಲ್ಲಿ ಪಿಯೆಟ್ರೇನ್ ತಳಿಯ ಹ್ಯಾಲೊಥೇನ್ ಜೀನ್ ಈ ಕ್ಷೇತ್ರದವರಿಗೆಲ್ಲ ಪರಿಚಿತ. ಅದು ಕಿಣ್ವದ್ದಲ್ಲ, ಸ್ನಾಯುಕೋಶದೊಳಗೆ ಕ್ಯಾಲ್ಸಿಯಂ ಬಿಡುಗಡೆ ಮಾಡುವ ಪ್ರೋಟೀನಿನದು. ಅದರ ದೋಷವಿರುವ ಹಂದಿಯಲ್ಲಿ, ದೇಹ ಇನ್ನೂ ಬಿಸಿಯಾಗಿರುವಾಗಲೇ ಪಿಎಚ್ 6ಕ್ಕಿಂತ ಕೆಳಗಿಳಿದು, ಮಾಂಸವು ಬಿಳಿಚಿಕೊಂಡು, ಮೆತ್ತಗಾಗಿ, ನೀರು ಬಿಡುತ್ತದೆ.

ನಮ್ಮ ಪಾಠಕ್ಕೆ ಹೆಚ್ಚು ಉಪಯುಕ್ತವಾದದ್ದು ಹ್ಯಾಂಪ್‌ಶೈರ್ ತಳಿಯ 'ಆಮ್ಲ ಮಾಂಸ'. ಇದಕ್ಕೆ ಕಾರಣವಾದ ಪಿಆರ್‌ಕೆಎಜಿ3 ಜೀನ್ 2000ದಲ್ಲಿ ಪತ್ತೆಯಾಯಿತು. ಜೀವಕೋಶದ ಶಕ್ತಿಯ ಮಟ್ಟವನ್ನು ಗಮನಿಸುವ ಎಎಂಪಿಕೆ ಕಿಣ್ವದ ಒಂದು ಉಪಘಟಕವನ್ನು ಈ ಜೀನ್ ರೂಪಿಸುತ್ತದೆ. ಅದರಲ್ಲಿ ಆರ್ಜಿನೀನ್ ಎಂಬ ಅಮೈನೊ ಆಮ್ಲ ಇರಬೇಕಾದ ಒಂದು ಜಾಗಕ್ಕೆ ಗ್ಲುಟಮಿನ್ ಎಂಬ ಇನ್ನೊಂದು ಬಂದರೆ ಸಾಕು, ಸ್ನಾಯುವಿನ ಗ್ಲೈಕೊಜನ್ ಸುಮಾರು ಶೇ. 70ರಷ್ಟು ಹೆಚ್ಚುತ್ತದೆ. ಇಲ್ಲಿ ಪಿಎಚ್ ಇಳಿಯುವ ವೇಗ ಸಹಜವಾಗಿಯೇ ಇದ್ದರೂ ಕೊನೆಯ ಮಟ್ಟ ತೀರಾ ಕೆಳಗಿರುತ್ತದೆ, ಹ್ಯಾಮ್ ಬೇಯಿಸಿದಾಗ ತೂಕ ಹೆಚ್ಚು ಕಳೆಯುತ್ತದೆ. ಬದಲಾದದ್ದು ಜೀನಿನ ಸಂದೇಶವನ್ನು ಹೊತ್ತ ನಕಲಾದ, ಅಭಿವ್ಯಕ್ತಿಯ ಅಳತೆಗೋಲಾದ ಎಂಆರ್‌ಎನ್‌ಎ ಪ್ರಮಾಣವಲ್ಲ, ಪ್ರೋಟೀನಿನ ಸ್ವರೂಪ. ಆದ್ದರಿಂದ ಎಂಆರ್‌ಎನ್‌ಎ ಅಳೆಯುವ ಕ್ಯೂಪಿಸಿಆರ್‌ನ ಅಂಕಿಗಳನ್ನು ಮಾತ್ರ ನೋಡಿದವರಿಗೆ ಈ ದೋಷ ಕಣ್ಣಿಗೆ ಬೀಳುವುದಿಲ್ಲ.

2014ರಲ್ಲಿ ವರದಿಯಾದ ಪಿಎಚ್‌ಕೆಜಿ1 ಜೀನಿನದು ಇದಕ್ಕೆ ವಿರುದ್ಧವಾದ ಸಂದರ್ಭ. ಫಾಸ್ಫೊರಿಲೇಸ್ ಕೈನೇಸ್ ಎಂಬ ಕಿಣ್ವದ ಈ ಜೀನಿನಲ್ಲಿ ಸ್ಪ್ಲೈಸಿಂಗ್ (ನಕಲಿನ ಬೇಡದ ಭಾಗಗಳನ್ನು ತೆಗೆದು ಉಳಿದವನ್ನು ಜೋಡಿಸುವುದು) ನಡೆಯುವ ಜಾಗದ ಒಂದೇ ಡಿಎನ್ಎ ಅಕ್ಷರ ಬದಲಾದಾಗ, ತಪ್ಪಾಗಿ ಜೋಡಣೆಗೊಂಡ ಎಂಆರ್‌ಎನ್‌ಎ ಬೇಗನೆ ನಾಶವಾಗಿ, ಅಭಿವ್ಯಕ್ತಿಯೂ ಕಿಣ್ವದ ಚಟುವಟಿಕೆಯೂ ಒಟ್ಟಿಗೆ ಕುಸಿಯುತ್ತವೆ. ಜೀವಂತ ಹಂದಿಯಲ್ಲಿ ಗ್ಲೈಕೊಜನ್ ಸರಿಯಾಗಿ ಒಡೆಯದೆ ಉಳಿದುಕೊಂಡು, ವಧೆಯ ನಂತರ ಆಮ್ಲಕ್ಕೆ ಕಚ್ಚಾವಸ್ತುವಾಗುತ್ತದೆ. ಗ್ಲೈಕೊಜನ್ ಒಡೆಯುವಿಕೆಗೆ ಚಾಲನೆ ನೀಡುವ ಕಿಣ್ವ ಕುಗ್ಗಿದರೆ ಆಮ್ಲ ಕಡಿಮೆಯಾಗಬೇಕಲ್ಲವೇ ಎಂದು ತೋರುವುದು ಸಹಜ. ಆದರೆ ಕೊನೆಯ ಪಿಎಚ್‌ಅನ್ನು ಮುಖ್ಯವಾಗಿ ನಿರ್ಧರಿಸುವುದು ಸಂಗ್ರಹವಾಗಿದ್ದ ಗ್ಲೈಕೊಜನ್‌ನ ಪ್ರಮಾಣವೇ.

ತಳಿಗಳನ್ನು ಹೋಲಿಸುವಾಗ ಇನ್ನೊಂದು ತೊಡಕಿದೆ. ಲ್ಯಾಕ್ಟಿಕ್ ಆಮ್ಲ ತಯಾರಿಸುವ ಲ್ಯಾಕ್ಟೇಟ್ ಡಿಹೈಡ್ರೊಜಿನೇಸ್‌ನಂತಹ ಕಿಣ್ವಗಳ ಅಭಿವ್ಯಕ್ತಿ ಸ್ನಾಯುವಿನ ಬಿಳಿ ನಾರುಗಳಲ್ಲಿ ಹೆಚ್ಚು, ಕೆಂಪು ನಾರುಗಳಲ್ಲಿ ಕಡಿಮೆ. ಹೀಗಾಗಿ ಎರಡು ತಳಿಗಳ ನಡುವೆ ಕಂಡ ವ್ಯತ್ಯಾಸ ಜೀನಿನ ನಿಯಂತ್ರಣದ್ದೋ ನಾರುಗಳ ಅನುಪಾತದ್ದೋ ಎಂದು ತೀರ್ಮಾನಿಸಲು, ಒಂದೇ ಸ್ನಾಯುವಿನ ಒಂದೇ ಭಾಗದಿಂದ ಮಾದರಿ ತೆಗೆದು, ನಾರಿನ ಬಗೆಯನ್ನು ತೋರಿಸುವ ಪ್ರೋಟೀನಾದ ಮಯೊಸಿನ್‌ನ ವಿವಿಧ ಜೀನ್‌ಗಳನ್ನೂ ಜೊತೆಯಲ್ಲೇ ಅಳೆಯಬೇಕು.