ಏಳು ಪರ್ಸೆಂಟ್ ಎಲ್ಲಿ ಹೋಯ್ತು?

ಅರಸೀಕೆರೆ ದಾಟುವಾಗ ನನ್ನ ಎಲೆಕ್ಟ್ರಿಕ್ ಕಾರಿನ ಪರದೆಯ ಮೇಲೆ ಬ್ಯಾಟರಿ 24 ಪರ್ಸೆಂಟ್ ಇತ್ತು. ಅಲ್ಲಿಂದ ಬಾಣಾವರಕ್ಕೆ ಹದಿನೈದು ಚಿಲ್ಲರೆ ಕಿಲೋಮೀಟರ್. ಐದು ಪರ್ಸೆಂಟ್ ಖರ್ಚಾಗಬೇಕು, 19 ಉಳಿಯಬೇಕು. ಆದರೆ ಅರ್ಧ ದಾರಿಯಲ್ಲಿ ಅಂಕಿ ಮೆಟ್ಟಿಲು ಜಾರಿದವರ ಹಾಗೆ ಇಳಿಯತೊಡಗಿತು. 20, 18, 17, 15. ಬಾಣಾವರ ಬಂದಾಗ 12.

ಎಸಿ ಆರಿಸಿದೆ. ಕಿಟಕಿ ಇಳಿಸಿದೆ. ವೇಗ ಐವತ್ತಕ್ಕೆ ತಂದೆ. ಹಿಂದಿನಿಂದ ಲಾರಿಗಳು ಹಾರನ್ ಬಾರಿಸಿ ಬೈದುಕೊಂಡು ಮುಂದೆ ಹೋದವು. ಪಕ್ಕದ ಸೀಟಿನಲ್ಲಿದ್ದ ಬಾವ ಮಾತ್ರ ನಿರಾಳವಾಗಿದ್ದರು. ಅವರಿಗೆ ಕಾರಣ ಆಗಲೇ ಗೊತ್ತಾಗಿತ್ತು. "ದೃಷ್ಟಿ. ಆಯುಧಪೂಜೆ ದಿನ ಚಕ್ರದ ಕೆಳಗೆ ನಿಂಬೆಹಣ್ಣು ಇಡು ಅಂದ್ರೆ ನಕ್ಕೆಯಲ್ಲ, ಈಗ ನೋಡು."

ನಿಂಬೆಹಣ್ಣಿನ ಬಗ್ಗೆ ನನಗೆ ಗೌರವವಿದೆ. ಅದಕ್ಕೆ ಒಂದು ತಾಮ್ರದ ತಂತಿ, ಒಂದು ಸತುವಿನ ಮೊಳೆ ಚುಚ್ಚಿದರೆ ಸುಮಾರು 0.9 ವೋಲ್ಟ್ ಬರುತ್ತದೆ. ಹಾಗೆ ನೋಡಿದರೆ ಹೊಸ ಬ್ಯಾಟರಿ ಕಾರಿನ ಮೊದಲ ದಿನವೇ ನಾವು ಬ್ಯಾಟರಿಯಾಗಬಲ್ಲ ನಾಲ್ಕು ಹಣ್ಣುಗಳನ್ನು ಟೈರಿಗೆ ಬಲಿ ಕೊಡುತ್ತೇವೆ. ಅದಿರಲಿ. ಕಡೂರಿನ ಹತ್ತಿರ ಹೆದ್ದಾರಿ ಪಕ್ಕದ ಹೋಟೆಲಿನಲ್ಲಿ ಚಾರ್ಜರ್ ಸಿಕ್ಕಾಗ 6 ಪರ್ಸೆಂಟ್ ಉಳಿದಿತ್ತು. ಇಡ್ಲಿ ತಿನ್ನುತ್ತಾ ಬಾವನಿಗೆ ಹೇಳಿದೆ: ಆ ಏಳು ಪರ್ಸೆಂಟ್ ಬಾಣಾವರದಲ್ಲಿ ಕಳೆದುಹೋದದ್ದಲ್ಲ. ಬೆಂಗಳೂರಿನಿಂದ ಹೊರಟಾಗಲೇ ಅದು ಕಾರಿನಲ್ಲಿ ಇರಲಿಲ್ಲ.

ಇದು ಅವರಿಗೆ ದೃಷ್ಟಿಗಿಂತ ದೊಡ್ಡ ಮಾಟದ ಹಾಗೆ ಕೇಳಿಸಿತು.

ಪೆಟ್ರೋಲ್ ಟ್ಯಾಂಕಿನೊಳಗೆ ಒಂದು ತೇಲುಬುರುಡೆ ಇರುತ್ತದೆ. ಪೆಟ್ರೋಲ್ ಇಳಿದರೆ ಅದೂ ಇಳಿಯುತ್ತದೆ, ಮುಳ್ಳೂ ಇಳಿಯುತ್ತದೆ. ಮುಳ್ಳು ಕೆಟ್ಟರೆ ಕಡ್ಡಿ ಅದ್ದಿ ನೋಡಬಹುದು. ಸ್ಕೂಟರ್ ಅಲ್ಲಾಡಿಸಿ ಸದ್ದು ಕೇಳಿದವರೂ ನಾವೇ ಅಲ್ವಾ? ಬ್ಯಾಟರಿಗೆ ಈ ಸೌಕರ್ಯ ಇಲ್ಲ. 100 ಪರ್ಸೆಂಟ್ ತುಂಬಿದ ಬ್ಯಾಟರಿಯೂ ಖಾಲಿ ಬ್ಯಾಟರಿಯೂ ನೋಡಲು ಒಂದೇ, ತೂಕವೂ ಒಂದೇ. ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಕಾಣುವ ಆ ಅಂಕಿ ಅಳತೆಯೇ ಅಲ್ಲ. ಅದು ಲೆಕ್ಕ. ಕಾರಿನ ಕಂಪ್ಯೂಟರ್ ಕೂಡಿ ಕಳೆದು ಬರೆದ ಅಂದಾಜು.

ವಿಚಿತ್ರ ಎಂದರೆ ಹಳೆಯ ಬ್ಯಾಟರಿಗಳಲ್ಲಿ ಕಡ್ಡಿ ಅದ್ದಬಹುದಿತ್ತು. 1859ರಲ್ಲಿ ಫ್ರಾನ್ಸಿನ ಗಾಸ್ತೋಂ ಪ್ಲಾಂಟೆ ಮಾಡಿದ ಸೀಸ-ಆಮ್ಲದ ಬ್ಯಾಟರಿ ಇವತ್ತಿಗೂ ನಮ್ಮ ಯುಪಿಎಸ್‌ಗಳಲ್ಲಿದೆ. ಬ್ಯಾಟರಿ ಅಂಗಡಿಯವರು ರಬ್ಬರ್ ಬುರುಡೆ ಇದ್ದ ಗಾಜಿನ ಕೊಳವೆಯಿಂದ ಆಸಿಡ್ ಹೀರಿ ನೋಡುತ್ತಿದ್ದದ್ದು ನೆನಪಿದೆಯಾ? ಒಳಗೊಂದು ಪುಟ್ಟ ಗಾಜಿನ ಕಡ್ಡಿ ತೇಲುತ್ತಿತ್ತು. ಆ ಬ್ಯಾಟರಿ ಕರೆಂಟು ಕೊಡುವಾಗ ಆಸಿಡ್ ಕೂಡ ಖರ್ಚಾಗಿ ದ್ರವ ತೆಳುವಾಗುತ್ತದೆ. ಪೂರ್ತಿ ತುಂಬಿದಾಗ ಸಾಂದ್ರತೆ 1.28ರ ಆಸುಪಾಸು, ಖಾಲಿಯಾದಾಗ 1.1ರ ಹತ್ತಿರ. ಕಡ್ಡಿ ಎಷ್ಟು ಮುಳುಗಿತು ನೋಡಿದರೆ ಸಾಕು, ಉತ್ತರ ಸಿಕ್ಕಿತು. 2001ರಲ್ಲಿ ಬೆಂಗಳೂರಿನಿಂದಲೇ ರಸ್ತೆಗಿಳಿದ ರೇವಾ ಕಾರು ಸೀಟಿನ ಕೆಳಗೆ ಇಟ್ಟುಕೊಂಡಿದ್ದದ್ದೂ ಸೀಸದ ಬ್ಯಾಟರಿಗಳನ್ನೇ.

ಲಿಥಿಯಂ ಬ್ಯಾಟರಿಯಲ್ಲಿ ದ್ರವ ಖರ್ಚಾಗುವುದಿಲ್ಲ. ಅದು ಬರೀ ದಾರಿ. ಒಂದು ಕಡೆಯಿಂದ ಎಷ್ಟು ಲಿಥಿಯಂ ಅಯಾನುಗಳು ಒಳಗೆ ಬಂದವೋ ಅಷ್ಟೇ ಇನ್ನೊಂದು ಕಡೆ ಹೊರಗೆ ಹೋಗುತ್ತವೆ. ಕಡ್ಡಿ ಅದ್ದಿ ಏನು ನೋಡುವುದು?

ಈ ತಲೆನೋವು ಹೊಸದೇನೂ ಅಲ್ಲ. ಎಡಿಸನ್ ಮಾಡಿದ ನಿಕಲ್-ಕಬ್ಬಿಣದ ಬ್ಯಾಟರಿ 1910ರ ದಶಕದಲ್ಲಿ ಅಮೆರಿಕದ ಎಲೆಕ್ಟ್ರಿಕ್ ಕಾರುಗಳಲ್ಲಿ ಬಂತು. ಹೌದು, ಆಗಲೇ ಎಲೆಕ್ಟ್ರಿಕ್ ಕಾರುಗಳಿದ್ದವು. ಅದಕ್ಕೂ ಮೊದಲು, 1899ರಲ್ಲಿ ಗಂಟೆಗೆ 100 ಕಿ.ಮೀ. ವೇಗ ದಾಟಿದ ಮೊದಲ ಕಾರೇ ಎಲೆಕ್ಟ್ರಿಕ್ಕು. ಎಡಿಸನ್ ಬ್ಯಾಟರಿಯ ದ್ರವವೂ ತೆಳುವಾಗುತ್ತಿರಲಿಲ್ಲ, ಅಂಗಡಿಯ ಗಾಜಿನ ಕಡ್ಡಿ ಅಲ್ಲಿ ದಂಡ. ಆಗ ಏನು ಮಾಡಿದರು? ಕಾರಿಗೆ ಆಂಪಿಯರ್-ಗಂಟೆಯ ಮೀಟರ್ ಹಾಕಿದರು. ಸಂಗಾಮೊ ಎಂಬ ಅಮೆರಿಕದ ಕಂಪನಿ ಇಂಥ ಮೀಟರ್ ಮಾಡಿ ಮಾರುತ್ತಿತ್ತು. ಒಳಗೆ ಹೋದ ಕರೆಂಟಿಗೆ ಮುಳ್ಳು ಒಂದು ಕಡೆ, ಹೊರಗೆ ಬಂದ ಕರೆಂಟಿಗೆ ಇನ್ನೊಂದು ಕಡೆ. ನೂರು ವರ್ಷ ಕಳೆದ ಮೇಲೂ ನನ್ನ ಕಾರು ಮಾಡುವುದು ಅದನ್ನೇ. ಮುಳ್ಳಿನ ಬದಲು ಕಂಪ್ಯೂಟರ್ ಚಿಪ್ ಬಂದಿದೆ, ಅಷ್ಟೇ.

ನನಗೆ ಇದರಲ್ಲಿ ಕಾಣುವುದು ನಮ್ಮ ಬಸ್ಸಿನ ಕಂಡಕ್ಟರ್. ತುಂಬಿದ ಬಸ್ಸಿನಲ್ಲಿ ಎಷ್ಟು ಜನ ಇದ್ದಾರೆ ಎಂದು ತಲೆ ಎಣಿಸುವುದು ಆಗದ ಮಾತು. ಹತ್ತಿದವರನ್ನು ಕೂಡಿಸುತ್ತಾನೆ, ಇಳಿದವರನ್ನು ಕಳೆಯುತ್ತಾನೆ. ಒಂದು ಸ್ಟಾಪಿನಲ್ಲಿ ಹಿಂಬಾಗಿಲಿನಿಂದ ಒಬ್ಬ ಇಳಿದದ್ದು ಗೊತ್ತಾಗಲಿಲ್ಲ ಅನ್ನಿ. ಒಂದು ತಪ್ಪು. ಮುಂದಿನ ಸ್ಟಾಪಿನಲ್ಲಿ ಇನ್ನೊಂದು. ತಪ್ಪುಗಳು ತಾವಾಗಿ ಸರಿಹೋಗುವುದಿಲ್ಲ, ಸಾಲದ ಬಡ್ಡಿಯ ಹಾಗೆ ಮೇಲೇರುತ್ತವೆ. ಕೊನೇ ಸ್ಟಾಪಿನಲ್ಲಿ ಬಸ್ಸು ಪೂರ್ತಿ ಖಾಲಿಯಾದಾಗ ಮಾತ್ರ ಲೆಕ್ಕ ಮತ್ತೆ ಸೊನ್ನೆಗೆ ಬರುತ್ತದೆ.

ಕಾರಿನ ಕಂಡಕ್ಟರ್‌ಗೆ ಬಿಎಂಎಸ್ ಎಂದು ಹೆಸರು, ಅಂದರೆ ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಮ್. ಕರೆಂಟು ಹರಿಯುವ ದಾರಿಯಲ್ಲಿ ಒಂದು ಸಣ್ಣ ಲೋಹದ ಪಟ್ಟಿ ಇಟ್ಟು, ಅದರ ಎರಡು ತುದಿಗಳ ನಡುವೆ ಎಷ್ಟು ವೋಲ್ಟೇಜ್ ಬಿತ್ತು ಎಂದು ಕ್ಷಣಕ್ಷಣವೂ ಅಳೆಯುತ್ತಾನೆ. ಪಟ್ಟಿಯ ರೋಧ ಒಂದು ಓಮಿನ ಹತ್ತು ಸಾವಿರದ ಒಂದು ಭಾಗ ಎಂದಿಟ್ಟುಕೊಳ್ಳಿ. 200 ಆಂಪ್ ಹರಿದರೆ ಸಿಗುವುದು 20 ಮಿಲಿವೋಲ್ಟ್. ಇಷ್ಟು ಸಣ್ಣದನ್ನು ಅಳೆಯುವಾಗ ಚೂರುಪಾರು ತಪ್ಪಾಗಲೇಬೇಕು. 0.1 ಆಂಪ್ ತಪ್ಪಾಯಿತು, ಹತ್ತು ಗಂಟೆ ಹಾಗೇ ನಡೆಯಿತು ಅಂದುಕೊಳ್ಳಿ. ಒಂದು ಆಂಪ್-ಗಂಟೆ ಎಡವಟ್ಟು. ಬ್ಯಾಟರಿ 120 ಆಂಪ್-ಗಂಟೆಯದ್ದಾದರೆ ಹತ್ತಿರಹತ್ತಿರ ಒಂದು ಪರ್ಸೆಂಟ್. ವಾರಗಟ್ಟಲೆ ತಿದ್ದದೆ ಬಿಟ್ಟರೆ ಏಳು ಪರ್ಸೆಂಟ್ ಏನು ದೊಡ್ಡದು?

ಹಾಗಾದರೆ ತಿದ್ದುವವರು ಯಾರು? ನಡುದಾರಿಯಲ್ಲಿ ಬಸ್ ಹತ್ತುವ ಚೆಕಿಂಗ್ ಇನ್‌ಸ್ಪೆಕ್ಟರ್ ಬೇಕು. ಕಾರಿನಲ್ಲಿ ಆ ಕೆಲಸ ವೋಲ್ಟೇಜಿನದು. ಇಲ್ಲಿಯೇ ನನ್ನ ಇಷ್ಟದ ವಿಷಯ ಬರುವುದು, ಸ್ವಲ್ಪ ಜಾಸ್ತಿ ಮಾತಾಡಿದರೆ ಕ್ಷಮಿಸಿ.

ಈಗಿನ ಕಾರುಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಲಿಥಿಯಂ ಬ್ಯಾಟರಿ. ಒಂದು ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರುವ ಎನ್‌ಎಂಸಿ. ಇನ್ನೊಂದು ಕಬ್ಬಿಣ ಮತ್ತು ಫಾಸ್ಫೇಟಿನ ಎಲ್‌ಎಫ್‌ಪಿ. ಎನ್‌ಎಂಸಿ ಸೆಲ್ಲಿನ ವೋಲ್ಟೇಜ್ ತುಂಬಿದಾಗ 4.2, ಆಮೇಲೆ ಖಾಲಿಯಾಗುತ್ತಾ ಹದವಾಗಿ ಇಳಿಯುತ್ತದೆ. ಘಾಟಿ ರಸ್ತೆಯ ಹಾಗೆ. ಎಷ್ಟು ಎತ್ತರದಲ್ಲಿದ್ದೀರಿ ಎಂದು ಹೇಳಿ, ಎಷ್ಟನೇ ತಿರುವಿನಲ್ಲಿದ್ದೀರಿ ಎಂದು ನಾನು ಹೇಳುತ್ತೇನೆ. ಎಲ್‌ಎಫ್‌ಪಿ ಹಾಗಲ್ಲ. ಮೇಲ್ತುದಿಯಲ್ಲಿ ಒಂದು ಚೂಪು ಇಳಿಜಾರು, ಕೆಳತುದಿಯಲ್ಲಿ ಇನ್ನೊಂದು, ನಡುವೆ ಬಯಲುಸೀಮೆ. 80 ಪರ್ಸೆಂಟಿನಲ್ಲೂ ಸುಮಾರು 3.3 ವೋಲ್ಟ್, 30ರಲ್ಲೂ ಸುಮಾರು 3.3 ವೋಲ್ಟ್. ಬಯಲುಸೀಮೆಯ ನಡುವೆ ನಿಂತು ಎತ್ತರ ಅಳೆದರೆ ನೀವಿರುವುದು ಹಿರಿಯೂರಾ ಚಳ್ಳಕೆರೆಯಾ ಎಂದು ಹೇಗೆ ಗೊತ್ತಾಗಬೇಕು?

ಯಾಕೆ ಹೀಗೆ ಸಪಾಟು? ಒಂದು ಲೋಟ ನೀರಿಗೆ ಮಂಜುಗಡ್ಡೆ ಹಾಕಿ, ಕಲಕುತ್ತಾ ಥರ್ಮಾಮೀಟರ್ ಇಡಿ. ಸೊನ್ನೆ ಡಿಗ್ರಿ. ಗಡ್ಡೆ ಅರ್ಧ ಕರಗಿದಾಗಲೂ ಸೊನ್ನೆ. ಕೊನೆಯ ಚೂರು ಕರಗುವ ತನಕ ಹೆಚ್ಚುಕಡಿಮೆ ಸೊನ್ನೆಯೇ. ಎಷ್ಟು ಗಡ್ಡೆ ಉಳಿದಿದೆ ಎಂದು ಥರ್ಮಾಮೀಟರ್ ಹೇಳಲಾರದು, ಯಾಕೆಂದರೆ ಅಲ್ಲಿ ಗಟ್ಟಿ ಮತ್ತು ದ್ರವ ಎರಡೂ ಒಟ್ಟಿಗೆ ಕೂತಿವೆ. ಎಲ್‌ಎಫ್‌ಪಿ ಒಳಗೂ ಹೀಗೆಯೇ. ಲಿಥಿಯಂ ಹೊಕ್ಕಾಗ ವಸ್ತುವೆಲ್ಲ ಒಂದೇ ಸಮ ಸಿಹಿಯಾಗುವ ಪಾನಕದ ಥರ ಬದಲಾಗುವುದಿಲ್ಲ. ಲಿಥಿಯಂ ತುಂಬಿದ ಭಾಗ, ಲಿಥಿಯಂ ಇಲ್ಲದ ಭಾಗ ಎಂದು ಎರಡು ಪಾಲಾಗುತ್ತದೆ. ಒಂದು ಪಾಲು ಬೆಳೆಯುತ್ತದೆ, ಇನ್ನೊಂದು ಕುಗ್ಗುತ್ತದೆ. ಎರಡೂ ಇರುವ ತನಕ ವೋಲ್ಟೇಜ್ ಕದಲುವುದಿಲ್ಲ.

ಈ ವಸ್ತುವನ್ನು ಬ್ಯಾಟರಿಗೆ ತಂದ 1997ರ ಪ್ರಸಿದ್ಧ ಪ್ರಬಂಧದಲ್ಲಿ ಮೂರು ಹೆಸರುಗಳಿವೆ: ಪಾಢಿ, ನಂಜುಂಡಸ್ವಾಮಿ, ಗುಡ್‌ಇನಫ್. ಗುಡ್‌ಇನಫ್ ಅವರಿಗೆ 2019ರಲ್ಲಿ, 97ನೇ ವಯಸ್ಸಿನಲ್ಲಿ, ನೊಬೆಲ್ ಬಂತು. ನಡುವಿನ ಹೆಸರು ಓದಿದಾಗಲೆಲ್ಲ ನನಗೆ ಸುಮ್ನೆ ನಂಜನಗೂಡಿನ ಗೋಪುರ ನೆನಪಾಗುತ್ತದೆ.

ಈಗ ನನ್ನ ತಪ್ಪಿಗೆ ಬರೋಣ. ಕಾರು ತಂದ ದಿನದಿಂದ ವಾಟ್ಸಾಪಿನಲ್ಲಿ ಬಂದ ಸಲಹೆ ಒಂದೇ: 80ಕ್ಕಿಂತ ಜಾಸ್ತಿ ಚಾರ್ಜ್ ಮಾಡಬೇಡಿ, ಬ್ಯಾಟರಿ ಹಾಳಾಗುತ್ತದೆ. ಎನ್‌ಎಂಸಿ ಕಾರಿಗೆ, ದಿನನಿತ್ಯದ ಓಡಾಟಕ್ಕೆ, ಅದು ಒಳ್ಳೆಯ ಮಾತು. ಆ ಬ್ಯಾಟರಿ ತುಂಬಿದ ಸ್ಥಿತಿಯಲ್ಲೇ ಕೂತರೆ ಬೇಗ ಸವೆಯುತ್ತದೆ. ನನ್ನದು ಎಲ್‌ಎಫ್‌ಪಿ. ಆಗಾಗ ನೂರರ ತನಕ ತುಂಬಿಸಿ ಎಂದು ಕೈಪಿಡಿಯಲ್ಲೇ ಬರೆದಿತ್ತು. ಕೈಪಿಡಿ ಓದುವವರು ಯಾರು? ಮೂರು ತಿಂಗಳು 80ಕ್ಕೆ ನಿಲ್ಲಿಸಿದೆ, 30ಕ್ಕಿಂತ ಕೆಳಗೂ ಇಳಿಸಲಿಲ್ಲ. ಅಂದರೆ ಬಯಲುಸೀಮೆ ಬಿಟ್ಟು ಕದಲಲೇ ಇಲ್ಲ. ಮೂರು ತಿಂಗಳು ಇನ್‌ಸ್ಪೆಕ್ಟರ್ ಬಸ್ ಹತ್ತಲೇ ಇಲ್ಲ. ಕಂಡಕ್ಟರ್ ಪಾಪ, ಬೆಂಗಳೂರಿನಲ್ಲಿ 80 ಎಂದು ಬರೆದಾಗ ನಿಜಕ್ಕೂ ಇದ್ದದ್ದು 73ರ ಆಸುಪಾಸು ಇರಬೇಕು. ಅರಸೀಕೆರೆ ದಾಟಿದ ಮೇಲೆ ಬ್ಯಾಟರಿ ಕೆಳಗಿನ ಇಳಿಜಾರಿಗೆ ಬಂತು, ವೋಲ್ಟೇಜ್ ಬೀಳತೊಡಗಿತು, ಲೆಕ್ಕದಲ್ಲಿ ಹುಳುಕು ಸಿಕ್ಕಿತು. ನಾವು ನೋಡಿದ್ದು ಬ್ಯಾಟರಿ ಖಾಲಿಯಾದದ್ದನ್ನಲ್ಲ, ಪುಸ್ತಕ ತಿದ್ದಿದ್ದನ್ನು.

ಆ ರಾತ್ರಿ ಶಿವಮೊಗ್ಗದ ಬಾವನ ಮನೆಯಲ್ಲಿ, ಗೀಸರಿನ 15 ಆಂಪಿನ ಪ್ಲಗ್ಗಿಗೆ ಕಾರನ್ನು ಸಿಕ್ಕಿಸಿ ನೂರಕ್ಕೆ ಬಿಟ್ಟು ಮಲಗಿದೆ. ಬೆಳಗ್ಗೆ ಏಳಕ್ಕೆ ಬಾವ ಎಬ್ಬಿಸಿದರು. "99ರಲ್ಲೇ ಮುಕ್ಕಾಲು ಗಂಟೆಯಿಂದ ನಿಂತಿದೆ ಕಣಯ್ಯಾ. ಮೀಟರ್ ನೋಡು." ಕರೆಂಟ್ ಮೀಟರಿನ ಕೆಂಪು ದೀಪ ರಾತ್ರಿ ಬಡಬಡ ಮಿಟುಕುತ್ತಿತ್ತು. ಈಗ ಒಂದು ಸಲ ಮಿಟುಕಿ, ಯೋಚಿಸಿ, ಮತ್ತೊಂದು ಸಲ.

ಇದಕ್ಕೆ ಪಂಕ್ತಿ ಊಟದ ಉದಾಹರಣೆ ಕೊಟ್ಟೆ. ಬ್ಯಾಟರಿಯಲ್ಲಿ ನೂರರ ಆಸುಪಾಸು ಸೆಲ್ಲುಗಳು ಸಾಲಾಗಿ ಕೂತಿವೆ. ಒಬ್ಬನ ಎಲೆ ತುಂಬಿತು ಎಂದರೆ ಎಲ್ಲರಿಗೂ ಬಡಿಸುವುದು ನಿಲ್ಲಿಸಬೇಕು, ಅದು ಇಲ್ಲಿನ ನಿಯಮ. ಹಾಗಾಗಿ ತುಂಬಿದ ಎಲೆಯಿಂದ ಒಂದು ಚಮಚ ತೆಗೆಯುತ್ತಾರೆ, ಎಲ್ಲರಿಗೂ ಇನ್ನೊಂದು ಚಮಚ ಬಡಿಸುತ್ತಾರೆ. ಮತ್ತೆ ತೆಗೆ, ಮತ್ತೆ ಬಡಿಸು. ಎಲ್ಲ ಎಲೆಗಳೂ ಸಮವಾಗುವ ತನಕ ಇದೇ ಕೆಲಸ. "ತೆಗೆದ ಅನ್ನ ಏನು ಮಾಡ್ತಾರೆ?" ಎಂದರು ಬಾವ. ಬಿಸಿ ಮಾಡಿ ಗಾಳಿಗೆ ಬಿಡುತ್ತಾರೆ ಎಂದೆ. ಅವರಿಗೆ ಹಿಡಿಸಲಿಲ್ಲ.

ನೂರು ತುಂಬಿಸಿ ಆಗುಂಬೆಗೆ ಹೊರಟೆವು. ಮೊದಲ ಕೆಲವು ಕಿಲೋಮೀಟರ್ ಕಾರು ಬೇರೆಯದೇ ಆದ ಹಾಗಿತ್ತು. ಮಾಮೂಲಿಯಾಗಿ ಪೆಡಲ್ ಬಿಟ್ಟರೆ ಮೋಟಾರೇ ಜನರೇಟರ್ ಆಗಿ ಕಾರನ್ನು ಹಿಂದಕ್ಕೆ ಎಳೆದು ಕರೆಂಟು ಉಳಿಸುತ್ತದೆ. ಅವತ್ತು ಎಳೆತವೇ ಇಲ್ಲ. ಬಸ್ಸು ಭರ್ತಿ, ಯಾರನ್ನೂ ಹತ್ತಿಸುವ ಹಾಗಿಲ್ಲ. ಇದು ಗೊತ್ತಿಲ್ಲದೆ ಬೆಟ್ಟದ ಮೇಲೆ ನೂರು ತುಂಬಿಸಿ ಇಳಿಯಲು ಹೊರಟವರಿಗೆ ಎದೆ ಧಸಕ್ ಎನ್ನುತ್ತದೆ. ಬ್ರೇಕ್ ಇದೆ, ಹೆದರಬೇಕಿಲ್ಲ, ಕಾಲು ಮಾತ್ರ ತಯಾರಿರಬೇಕು.

ಆಗುಂಬೆಯಲ್ಲಿ 69 ಇತ್ತು. ಅಲ್ಲಿಂದ ಸೋಮೇಶ್ವರದ ಕಡೆಗೆ ಹದಿನಾಲ್ಕು ತಿರುವು, ಹತ್ತು ಕಿಲೋಮೀಟರಿನ ಆಸುಪಾಸಿನಲ್ಲಿ 500 ಮೀಟರಿಗೂ ಜಾಸ್ತಿ ಇಳಿತ. ನಾವೂ ಕಾರೂ ಸೇರಿ 1,800 ಕಿಲೋ. 500 ಮೀಟರೇ ಹಿಡಿದರೂ ಲೆಕ್ಕಕ್ಕೆ ಸಿಗುವುದು ಸುಮಾರು ಎರಡೂವರೆ ಯೂನಿಟ್ ಶಕ್ತಿ. ಚಕ್ರ, ಗಾಳಿ, ಮೋಟಾರು ತಮ್ಮ ಪಾಲು ತಿಂದ ಮೇಲೆ ಬ್ಯಾಟರಿಗೆ ಒಂದು, ಒಂದೂವರೆ ಯೂನಿಟ್. ಕೆಳಗೆ ಬಂದಾಗ ಪರದೆಯಲ್ಲಿ 72. ಬಾವ ಕನ್ನಡಕ ತೆಗೆದು, ಒರೆಸಿ, ಮತ್ತೆ ನೋಡಿದರು. ಅದರ ಪಕ್ಕದಲ್ಲಿ ಇನ್ನೊಂದು ಅಂಕಿ: ಇನ್ನೂ 388 ಕಿಲೋಮೀಟರ್ ಓಡಬಹುದು.

"ಹಾಗಾದ್ರೆ ಗೋವಾಕ್ಕೇ ಹೋಗೋಣ," ಎಂದರು.

ಆ ಅಂಕಿ ಹಿಂದಿನ ಕೆಲವು ಕಿಲೋಮೀಟರಿನ ಖರ್ಚು ನೋಡಿ ಮುಂದಿನದನ್ನು ಊಹಿಸುತ್ತದೆ, ಕರ್ನಾಟಕವೆಲ್ಲ ಇಳಿಜಾರೇ ಎಂದು ಅದು ಈಗ ನಂಬಿಕೊಂಡಿದೆ ಎಂದು ಬಾಯಲ್ಲಿ ಹೇಳಲಿಲ್ಲ. ಚಹಾ ಕುಡಿದು ಕಾರು ತಿರುಗಿಸಿದೆ. ಹದಿನಾಲ್ಕನೇ ತಿರುವು ಹತ್ತಿ ಸೂರ್ಯಾಸ್ತದ ಕಟ್ಟೆಯ ಹತ್ತಿರ ನಿಲ್ಲಿಸಿದಾಗ ಪರ್ಸೆಂಟ್ 62, ಕಿಲೋಮೀಟರ್ 131. ಬಾವ ಅದನ್ನೂ ನೋಡಿದರು, ಕಿಟಕಿಯ ಆಚೆ ಹಲಸಿನ ಚಿಪ್ಸ್ ಮಾರುವವಳ ಬುಟ್ಟಿಯನ್ನೂ ನೋಡಿದರು. "ಅಲ್ಲಿ ನಿಂಬೆಹಣ್ಣು ಸಿಗುತ್ತಾ ಕೇಳು," ಎಂದರು.